ನಿಧಾನಪ್ಪನ ಎಂಜಿನ್ ಪ್ರಸಂಗ

ನಮ್ಮ ಬೀದಿಯ ಗಾಜಿನಂಗಡಿಯ ಮುಂದಿನಿಂದ ನಿಧಾನಪ್ಪನ ಪಿಕಪ್ಪು ಹೊರಟಾಗ ಒಲೆಯ ಮೇಲೆ ಹಾಲಿಟ್ಟರೆ, ಅದು ಬೀದಿ ಕೊನೆಯ ದರ್ಜಿ ಅಂಗಡಿ ದಾಟುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಒರೆಸಿ, ಮನೆಯವರಿಂದ ಬೈಸಿಕೊಂಡು, ಎರಡನೆಯ ಸಲ ಇಟ್ಟ ಹಾಲೂ ಕಾದಿರುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆ ಇದೆ ಎನ್ನುವವರು ಬೀದಿಗೆ ಹೊಸಬರು.

ನಿಧಾನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಂಚೆಯವನು ಕೊಟ್ಟ ಬಿರುದು. ಅವನು ಒಂದು ದಿನ ಸೈಕಲ್ಲಿನಲ್ಲಿ ಬಂದು, ಓಡುತ್ತಿದ್ದ ಪಿಕಪ್ಪಿನ ಕಿಟಕಿಯೊಳಗೆ ರಿಜಿಸ್ಟರ್ ಕಾಗದ ನೀಡಿ, ಪೆನ್ನು ಕೊಟ್ಟು, ಸಹಿ ಹಾಕಿಸಿಕೊಂಡು, ಪೆನ್ನು ವಾಪಸು ಇಸಿದುಕೊಂಡು, ಸಹಿ ಸರಿಯಿದೆಯೇ ಎಂದು ನೋಡಿ, ಆಮೇಲೆ ಪಿಕಪ್ಪನ್ನು ಹಿಂದೆ ಹಾಕಿ ಹೋದನಂತೆ. ಅಷ್ಟೂ ಹೊತ್ತು ಗಾಡಿ ಟಾಪ್ ಗೇರಿನಲ್ಲಿತ್ತು ಎಂಬುದೇ ಈ ಕಥೆಯ ಮಹತ್ವ.

ಹಾಗೆಂದು ಆತ ಸೋಮಾರಿಯಲ್ಲ. ಆತ ಸಾಗಿಸುವುದು ಗಾಜು. ಪಿಕಪ್ಪಿನ ಹಿಂಭಾಗದಲ್ಲಿ ಡೇರೆಯ ಆಕಾರದ ಮರದ ಚೌಕಟ್ಟು. ಅದಕ್ಕೆ ಹಳೆಯ ಕಂಬಳಿ ಸುತ್ತಿ, ಗಾಜಿನ ಹಾಳೆಗಳನ್ನು ಎರಡೂ ಕಡೆ ಒರಗಿಸಿ, ನಡುನಡುವೆ ರದ್ದಿ ಪೇಪರು ಇಟ್ಟು, ಹಗ್ಗ ಬಿಗಿಯುತ್ತಿದ್ದ. ಚಾಲಕನ ಬೆನ್ನ ಹಿಂದಿನ ಕಿಟಕಿಯ ಗಾಜನ್ನು ಕಿತ್ತುಹಾಕಿದ್ದ. ಗಾಜು ಮಾರುವವನ ಗಾಡಿಗೇ ಗಾಜಿಲ್ಲವಲ್ಲ ಎಂದು ನಗುವವರು ನಗಲಿ. ಅದು ಹಿಂದಿನ ಹಾಳೆಗಳ ಮಾತು ಕೇಳಿಸಿಕೊಳ್ಳಲು ಮಾಡಿದ ಕಿಂಡಿ. ಹಾಳೆಗಳು ಸುಮ್ಮನಿದ್ದರೆ ಕ್ಷೇಮ. ಜುಂಯ್ ಎಂದರೆ ಎಂಜಿನ್ನಿನ ನಡುಕ ಅವಕ್ಕೆ ಹತ್ತಿದೆ ಎಂದರ್ಥ. ಕೂಡಲೇ ಕಾಲು ಸಡಿಲಿಸಬೇಕು. ಟಿಕ್ ಎಂದರೆ ಮುಗಿಯಿತು. ಆ ಟಿಕ್ಕನ್ನು ಆತ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹತ್ತೊಂಬತ್ತು ವರ್ಷ, ಒಂದೇ ಗಾಡಿ, ದಾರಿಯಲ್ಲಿ ಒಡೆದ ಹಾಳೆ ಸೊನ್ನೆ. ದಂಡಯಾತ್ರೆಯಿಂದ ಮರಳಿದ ರಾಜರಿಗೂ ಇಂಥ ದಾಖಲೆ ಇರಲಾರದು.

ಅಂಗಡಿಯ ಒಳಗಿನ ಸಾಮ್ರಾಜ್ಯ ಹೆಂಡತಿಯದು. ಗಿರಾಕಿಗಳು ಅವಳನ್ನು ಗಾಜಿನಮ್ಮ ಎನ್ನುತ್ತಿದ್ದರು. ಗಾಜು ಕತ್ತರಿಸುವುದು ಅವಳೇ. ಕಂಬಳಿ ಹಾಸಿದ ಮೇಜಿನ ಮೇಲೆ ಹಾಳೆ ಮಲಗಿಸಿ, ವಜ್ರದ ಮೊನೆಯಿಂದ ಒಂದೇ ಗೆರೆ ಎಳೆದು, ಅಂಚಿಗೆ ತಂದು ಲಟಕ್ ಎಂದು ಮುರಿಯುವಳು. ವಾರಕ್ಕೊಂದು ಅಡ್ಡಾದಿಡ್ಡಿ ಒಡೆಯುತ್ತಿತ್ತು. ಆಗ ಅವಳು ಚೂರುಗಳನ್ನು ಗುಡಿಸಿ, "ಇವತ್ತು ನಿನ್ನ ದಿನ ಅಲ್ಲ, ನಂದೂ ಅಲ್ಲ" ಎಂದು ಗಾಜಿಗೇ ಹೇಳಿ, ಇನ್ನೊಂದು ಹಾಳೆ ಎತ್ತಿಕೊಳ್ಳುತ್ತಿದ್ದಳು. ಗಂಡನಿಗೆ ಮಾತ್ರ ಆ ಸದ್ದಾದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ನೀರಿನ ಟ್ಯಾಂಕಿನ ದಿಬ್ಬದಲ್ಲಿ ಮಹಾಸಂಕಟ ಒದಗಿತು. ಬೆನ್ನ ಮೇಲೆ ಶಾಲೆಯ ಕಿಟಕಿಗಳಿಗೆಂದು ಒಂಬತ್ತು ಹಾಳೆ. ಪಿಕಪ್ಪು ಅರ್ಧ ದಿಬ್ಬ ಏರಿ, ಮುದುಕರು ಮೆಟ್ಟಿಲ ನಡುವೆ ನಿಲ್ಲುವಂತೆ ನಿಂತು, ಕೆಮ್ಮಿ, ಕಪ್ಪು ಹೊಗೆಯ ಒಂದು ದೊಡ್ಡ ಮುದ್ದೆಯನ್ನು ಬಿಟ್ಟಿತು. ಕ್ಷೌರದಂಗಡಿಯಿಂದ ಒಂದು ಕೆನ್ನೆಗೆ ನೊರೆ ಹಚ್ಚಿಕೊಂಡ ಗಿರಾಕಿ ಸಮೇತ ಎಲ್ಲರೂ ಹೊರಗೆ ಬಂದರು. ನಿಧಾನಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಸೋತ ಸೇನಾಪತಿಯ ಗಾಂಭೀರ್ಯದಲ್ಲಿ, ಒಂಬತ್ತು ಹಾಳೆಗಳನ್ನು ಹಿಮ್ಮುಖವಾಗಿ ಕೆಳಗಿಳಿಸಿದ. ಒಂದೂ ಒಡೆಯಲಿಲ್ಲ. ಆದರೆ ಪಿಕಪ್ಪು ಮತ್ತೆ ಮೇಲೇರಲಿಲ್ಲ.

ಗ್ಯಾರೇಜು ಹೆಂಡತಿಯ ತಮ್ಮನದು. ಬಾಮೈದ ಎಂಜಿನ್ನನ್ನು ಎರಡು ದಿನ ಬಿಚ್ಚಿ, ಒಂದೊಂದೇ ಭಾಗವನ್ನು ಗೋಣಿತಾಟಿನ ಮೇಲೆ ಸಾಲಾಗಿ ಜೋಡಿಸಿ, ಅಕ್ಕ ಭಾವ ಇಬ್ಬರನ್ನೂ ಕರೆಸಿದ.

"ಭಾವ, ಈ ಎಂಜಿನ್ ಓಡಿ ಓಡಿ ಸತ್ತಿಲ್ಲ" ಎಂದ.

"ಮತ್ತೆ?"

"ಓಡೋಕೆ ಬಿಡದೆ ಸತ್ತಿದೆ."

ನಿಧಾನಪ್ಪ ಹೆಂಡತಿಯ ಮುಖ ನೋಡಿದ. ಅವಳು ಪಿಸ್ಟನ್ನಿನ ಮೇಲೆ ಕಟ್ಟಿದ ಮಸಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ತಳ ಹಿಡಿದ ಪಾತ್ರೆ ನೋಡುವ ನೋಟ ಅದು.

"ಇಪ್ಪತ್ತೈದರ ವೇಗಕ್ಕೆ ಯಾರಾದ್ರೂ ಟಾಪ್ ಗೇರ್ ಹಾಕ್ತಾರಾ ಭಾವ? ತಲೆ ಮೇಲೆ ಮೂಟೆ ಹೊರಿಸಿ, ಜೋರಾಗಿ ಉಸಿರಾಡಬೇಡ ಅಂದಂಗೆ. ಬೇರಿಂಗ್ ನೋಡಿ, ಸವೆದು ಚಪ್ಪಲಿ ಆಗಿದೆ."

"ಕೆಳಗಿನ ಗೇರಲ್ಲಿ ಗಾಜು ಜುಂಯ್ ಅಂತಿತ್ತಪ್ಪ. ಅದಕ್ಕೆ."

"ಗಾಜು ಜುಂಯ್ ಅಂತು ಅಂತ ಎಂಜಿನ್ ಬಾಯಿಗೆ ಬಟ್ಟೆ ತುರುಕಿದ್ರಿ."

"ರಿಪೇರಿ ಮಾಡೋ."

"ಎರಡು ಸಲ ಸಿಲಿಂಡರಿನ ಒಳಗೋಡೆ ಕೊರೆದು ಸಮ ಮಾಡಿ ಆಗಿದೆ. ಇನ್ನು ಕೊರೆದ್ರೆ ಗೋಡೆ ಇರಲ್ಲ, ಕಿಟಕಿ ಆಗುತ್ತೆ. ಆಮೇಲೆ ಅದಕ್ಕೂ ಅಕ್ಕನೇ ಗಾಜು ಹಾಕ್ಬೇಕು."

ಅಕ್ಕ ನಕ್ಕಳು. ಭಾವ ನಗಲಿಲ್ಲ.

ಬಾಮೈದನ ಬಳಿ ಉಪಾಯವಿತ್ತು. ಲಾರಿಯೊಂದು ಹಿಂದಿನಿಂದ ಗುದ್ದಿ, ಹಿಂಭಾಗ ಅಪ್ಪಚ್ಚಿಯಾದ ವ್ಯಾನೊಂದು ಗುಜರಿಗೆ ಬಂದಿತ್ತು. ಅದರ ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದೇ ಜಾತಿ, ಒಂದು ತಲೆಮಾರು ಚಿಕ್ಕದು, ಪಿಕಪ್ಪಿನ ಹೊಟ್ಟೆಯೊಳಗೆ ಸರಿಯಾಗಿ ಕೂರುವಂಥದ್ದು.

"ಯಾವ ವ್ಯಾನು?" ಎಂದು ನಿಧಾನಪ್ಪ ಅನುಮಾನದಿಂದ ಕೇಳಿದ.

"ಬೆಳಗಿನ ಪೇಪರ್ ಹಂಚೋದು."

ನಿಧಾನಪ್ಪನ ಮುಖ ಬಾಡಿತು. ಪೇಪರ್ ವ್ಯಾನು! ಸುದ್ದಿ ಹಳಸುವ ಮುಂಚೆ ಊರಿಂದೂರಿಗೆ ಹಾರುವ ಪ್ರಾಣಿ! ಇಂಥ ಧಾವಂತದ ಕುಲದಲ್ಲಿ ಬೆಳೆದ ಎಂಜಿನ್ನನ್ನು ತಂದು ತನ್ನ ಪಿಕಪ್ಪಿನೊಳಗೆ ಇಡುವುದೇ? "ಯೋಚನೆ ಮಾಡಿ ಹೇಳ್ತೀನಿ" ಎಂದ.

"ಬೇಗ ಹೇಳಿ ಭಾವ. ಗುಜರಿಯವನು ಕಾಯಲ್ಲ."

"ಡ್ಯಾನ್ಸ್ ಟೀಚರೂ ಕಾಯಲ್ಲ" ಎಂದಳು ಹೆಂಡತಿ.

ಊರಾಚೆಯ ಹೊಸ ನೃತ್ಯಶಾಲೆಯ ಗೋಡೆಗೆ ಆರು ಕನ್ನಡಿ ಬೇಕಿತ್ತು, ಒಂದೊಂದೂ ಆಳೆತ್ತರ. ಹದಿನೈದು ದಿನದ ಗಡುವು. ಟೀಚರಮ್ಮ ದೊಡ್ಡ ಅಂಗಡಿಗಳನ್ನೆಲ್ಲ ಬಿಟ್ಟು ಇವರನ್ನೇ ಹುಡುಕಿ ಬಂದದ್ದು, "ನಿಮ್ಮೋರು ದಾರಿಯಲ್ಲಿ ಒಂದೂ ಒಡೆದಿಲ್ಲವಂತೆ" ಎಂಬ ಕೀರ್ತಿ ಕೇಳಿ.

ಮುಂದಿನ ನಾಲ್ಕು ದಿನ ನಿಧಾನಪ್ಪ ಎಂಜಿನ್ ಬೇಡವೆನ್ನಲು ಕಾರಣ ಹುಡುಕಿದ. ಮೊದಲ ದಿನ, ಹೊಸ ಎಂಜಿನ್ನಿನ ಭಾರಕ್ಕೆ ಮೂಗು ಬಗ್ಗುತ್ತದೆ ಎಂದ. ಬಾಮೈದ ಗುಜರಿಯವನಿಂದ ಅದನ್ನು ಪರೀಕ್ಷೆಗೆಂದು ತಂದು ಎರಡನ್ನೂ ತೂಗಿಸಿದ; ಹೊಸದೇ ಹಗುರ. ಎರಡನೆಯ ದಿನ, ಹಳೇ ಮೈಗೆ ಹೊಸ ಗುಂಡಿಗೆ ಒಗ್ಗುವುದಿಲ್ಲ ಎಂದ. "ಮೈ ಗಟ್ಟಿಯಾಗೇ ಇದೆ. ನೀವು ಅದನ್ನ ಯಾವತ್ತು ದಣಿಸಿದ್ರಿ?" ಎಂದ ಬಾಮೈದ. ಮೂರನೆಯ ದಿನ ಪಿಕಪ್ಪನ್ನು ಮಾರಿಬಿಡೋಣ ಎಂದವನು, ಯಾರೋ ನಿಜವಾಗಿ ಕೊಳ್ಳಲು ಬಂದು ಬಾಗಿಲು ತೆಗೆದು ಒಳಗೆ ಕೂತಾಗ, "ಇದು ನಿಮಗೆ ಆಗಿಬರಲ್ಲ, ಕೆಟ್ಟ ಗಾಡಿ" ಎಂದು ಬುದ್ಧಿ ಹೇಳಿ ಕಳಿಸಿದ. ನಾಲ್ಕನೆಯ ದಿನಕ್ಕೆ ಕಾರಣಗಳು ತೀರಿಹೋಗಿ, ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತ.

ಹೆಂಡತಿ ಸ್ಟೂಲು ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತಳು.

"ರೀ, ಆ ಲೋಟ ಕೆಳಗಿಡಿ. ನಿಜ ಹೇಳಿ, ಯಾವುದಕ್ಕೆ ಭಯ?"

"ಭಯ ಏನಿಲ್ಲ."

"ಹಾಗಾದ್ರೆ ನಾಳೆನೇ ಹಾಕ್ಸೋಣ."

ನಿಧಾನಪ್ಪ ಲೋಟವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಇಟ್ಟ. "ಇಷ್ಟು ವರ್ಷ ಒಂದೂ ಒಡೀಲಿಲ್ಲವಲ್ಲ, ಅದು ನನ್ನಿಂದಾನಾ, ಎಂಜಿನ್ನಿಂದಾನಾ?"

"ನಂಗೇನ್ ಗೊತ್ತು?"

"ನಂಗೂ ಗೊತ್ತಿಲ್ಲ ಕಣೇ. ಅದೇ ಆಗಿರೋದು. ಹೊಸದು ಹಾಕಿ ಮೊದಲ ದಿನಾನೇ ಟಿಕ್ ಅಂತು ಅನ್ಕೋ. ಆಗ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದು ಆ ಕಬ್ಬಿಣದ ಮುದ್ದೆ, ನಾನು ಬರೀ ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೆ ಅಂತ ಆಗುತ್ತಲ್ಲ."

ಗಾಜಿನಮ್ಮ ನಗಲಿಲ್ಲ. ಅವಳು ನಗದಿದ್ದದ್ದನ್ನು ನಿಧಾನಪ್ಪ ಆಮೇಲೂ ಬಹಳ ಸಲ ನೆನೆದಿದ್ದುಂಟು.

"ಒಡೆದ್ರೆ ಇನ್ನೊಂದು ಕತ್ತರಿಸಿ ಕೊಡ್ತೀನಿ" ಎಂದಳು. "ನಾನು ವಾರಕ್ಕೊಂದು ಒಡೀತೀನಿ. ಊಟ ಬಿಟ್ಟಿದೀನಾ?"

"ನಿಂದು ಬೇರೆ."

"ಹೌದು, ನಂದು ಬೇರೆ. ನಾನು ಒಡೆದದ್ದನ್ನ ಒಪ್ಕೋತೀನಿ. ನೀವು ಒಡೀದೆ ಇರೋದನ್ನೂ ಒಪ್ಕೊಳ್ಳಲ್ಲ." ಎದ್ದು ಸ್ಟೂಲು ಸರಿಸಿದಳು. "ಕೇಳಿಸ್ಕೊಳ್ಳೋದು ನಿಮ್ಮ ವಿದ್ಯೆ ಅಲ್ವಾ? ಹೋಗಿ ಆ ಎಂಜಿನ್ ಏನ್ ಹೇಳುತ್ತೆ ಅಂತ ಕೇಳ್ಕೊಂಡು ಬನ್ನಿ. ಬೇಕಾದ್ರೆ ಒಂದು ಗಾಜು ತಗೊಂಡು ಹೋಗಿ."

ಮರುದಿನ ನಿಧಾನಪ್ಪ ಮೂರಡಿ ಎತ್ತರದ ಹಾಳೆಯೊಂದನ್ನು ಕಂಬಳಿಯಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು ಗ್ಯಾರೇಜಿಗೆ ಹೊರಟ. ಪಿಕಪ್ಪು ಅಲ್ಲೇ ಇದ್ದುದರಿಂದ ನಡೆದೇ ಹೋಗಬೇಕಾಯಿತು. ಹಾಗಾಗಿ ಎಂದಿಗಿಂತ ಬೇಗ ತಲುಪಿದ.

ಪೇಪರ್ ವ್ಯಾನಿನ ಎಂಜಿನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಪಟ್ಟಕ್ಕೇರುವ ಯುವರಾಜನ ಹಾಗೆ ಎಣ್ಣೆ ಸವರಿಸಿಕೊಂಡು ಕೂತಿತ್ತು. ಪಕ್ಕದಲ್ಲಿ ಬ್ಯಾಟರಿ, ಡೀಸೆಲ್ ಕ್ಯಾನು. ನಿಧಾನಪ್ಪ ಸ್ಟ್ಯಾಂಡಿಗೆ ಒಂದು ಹಲಗೆ ಅಡ್ಡ ಕಟ್ಟಿ, ಅದರ ಮೇಲೆ ಕಂಬಳಿ ಮಡಿಸಿ, ಹಾಳೆಯನ್ನು ನಿಲ್ಲಿಸಿ, ಎರಡು ಬೆರಳಿನಿಂದ ಮಾತ್ರ ಹಿಡಿದು, ಕಿವಿ ಹತ್ತಿರ ತಂದ. "ಹೂಂ" ಎಂದ.

ಬಾಮೈದ ಚಾಲೂ ಮಾಡಿದ. ಎಂಜಿನ್ನು ಗುರುಗುಟ್ಟಿತು. ಹಾಳೆ ಜುಂಯ್ ಎಂದು ಅಳಲು ಶುರುಮಾಡಿತು.

"ನೋಡಿದ್ಯಾ? ನಿಂತಲ್ಲೇ ಅಳಿಸ್ತಿದೆ!" ನಿಧಾನಪ್ಪನ ದನಿಯಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚಿತ್ತು. ಕೊನೆಗೂ ಒಂದು ಕಾರಣ ಸಿಕ್ಕಿತ್ತಲ್ಲ!

ಬಾಮೈದ ಕೈಯಿಂದ ವೇಗ ಸ್ವಲ್ಪ ಏರಿಸಿದ. ಅಳು ಜೋರಾಯಿತು.

"ಸಾಕು, ನಿಲ್ಸು."

ಇನ್ನಷ್ಟು ಏರಿಸಿದ. ಹಾಳೆ ಊರಿಗೇ ಕೇಳುವಂತೆ ಕಿರುಚಿತು.

"ನಿಲ್ಸೋ ಅಂದ್ರೆ!"

ಬಾಮೈದನಾಗಿ ಹುಟ್ಟಿದವನು ಭಾವ ನಿಲ್ಲಿಸು ಎಂದ ಕೂಡಲೇ ನಿಲ್ಲಿಸಿದ ಉದಾಹರಣೆ ಭೂಲೋಕದಲ್ಲಿ ಇಲ್ಲ. ಅವನು ಇನ್ನೊಂದು ಚೂರು ಒತ್ತಿದ. ಆಗ ಹಾಳೆ ತಟ್ಟನೆ ಸುಮ್ಮನಾಯಿತು.

ಎಂಜಿನ್ನು ಜೋರಾಗಿ ಓಡುತ್ತಿತ್ತು. ಹಾಳೆ ಮಾತ್ರ, ತೊಟ್ಟಿಲ ಮಗು ನಿದ್ದೆಗೆ ಜಾರಿದಂತೆ, ಉಸಿರೆತ್ತದೆ ನಿಂತಿತ್ತು. ನಿಧಾನಪ್ಪ ಕಿವಿಯನ್ನು ಇನ್ನೂ ಹತ್ತಿರ ತಂದ. ಬೆರಳನ್ನು ಬದಲಿಸಿದ. ಏನಿಲ್ಲ.

"ಇಳಿಸು" ಎಂದ. ಅಳು. "ಏರಿಸು." ಕಿರುಚಾಟ, ಆಮೇಲೆ ಮೌನ. ನಾಲ್ಕು ಸಲ ಇಳಿಸಿ ಏರಿಸಿದರು. ನಾಲ್ಕು ಸಲವೂ ಹಾಗೇ.

"ಇದು ಗಾಡೀಲಿ ಎಷ್ಟಾಗುತ್ತೆ?" ಎಂದು ನಿಧಾನಪ್ಪ ಮೆಲ್ಲಗೆ ಕೇಳಿದ.

ಬಾಮೈದ ಮೇಲೆ ನೋಡಿ ಲೆಕ್ಕ ಹಾಕಿದ. "ಟಾಪ್ ಗೇರಲ್ಲಿ ನಲವತ್ತೈದು."

"ನಲವತ್ತೈದು ಏನು?"

"ಕಿಲೋಮೀಟರ್, ಭಾವ."

"ಗಂಟೆಗಾ?"

"ಇಲ್ಲ, ವರ್ಷಕ್ಕೆ."

ನಿಧಾನಪ್ಪ ಹಾಳೆಯನ್ನು ಕಂಬಳಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿ, ಹಳೆಯ ಟೈರೊಂದರ ಮೇಲೆ ಕೂತ. ಗಾಜನ್ನು ಉಳಿಸಲು ಹತ್ತೊಂಬತ್ತು ವರ್ಷ ನಿಧಾನವಾಗಿ ಹೋದವನು, ಅದೇ ಗಾಜನ್ನು ಉಳಿಸಲು ಇನ್ನು ವೇಗವಾಗಿ ಹೋಗಬೇಕು. ವಿಧಿ ತಮಾಷೆ ಮಾಡುವುದಿದ್ದರೆ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ. ಬಾಮೈದ ಚಹಾ ತರಿಸಿದ. ಚಹಾ ಆರಿತು. ಕೆನೆ ಕಟ್ಟಿತು. ಗುಜರಿಯವನ ಫೋನು ಎರಡು ಸಲ ಬಂತು.

"ಹಾಕಿಬಿಡು" ಎಂದ ನಿಧಾನಪ್ಪ ಕೊನೆಗೆ. "ನೀನು ಹೇಳಿದ್ರೆ ನಂಬ್ತಿರಲಿಲ್ಲ. ಗಾಜೇ ಹೇಳ್ತಲ್ಲ."

ಐದು ದಿನದಲ್ಲಿ ಕೆಲಸ ಮುಗಿಯಿತು. ಸರಪಳಿ ರಾಟೆಯಲ್ಲಿ ಹಳೆಯದನ್ನು ಎತ್ತಿ, ಹೊಸದನ್ನು ಇಳಿಸಿ, ಬೋಲ್ಟು ಬಿಗಿದರು. ಆಮೇಲೆ ಖಾಲಿ ಗಾಡಿಯಲ್ಲಿ ಅಭ್ಯಾಸ. ಮೂವತ್ತು ದಾಟಿದಾಗ ನಿಧಾನಪ್ಪನ ಹಣೆ ಬೆವರಿತು. ನಲವತ್ತರಲ್ಲಿ, ಪಕ್ಕದಲ್ಲಿ ಕೂತಿದ್ದ ಬಾಮೈದ ಹೇಳುವ ಪ್ರಕಾರ, ಕಣ್ಣು ಮುಚ್ಚಿದ. ಇದನ್ನು ನಿಧಾನಪ್ಪ ಒಪ್ಪುವುದಿಲ್ಲ, ಅದು ದೂಳು ಎನ್ನುತ್ತಾನೆ.

"ಒಡಕು ಗಾಜು ಒಂದಷ್ಟು ಹಾಕ್ಕೊಂಡು ಓಡಿಸಿ ನೋಡಿ ಭಾವ. ಒಡೆದ್ರೂ ನಷ್ಟ ಇಲ್ಲ" ಎಂದ ಬಾಮೈದ.

"ಅದೂ ಒಡೆದ್ರೆ ಒಡೆದಂಗೇ. ಸೊನ್ನೆ ಅಂದ್ರೆ ಸೊನ್ನೆ."

ಹೀಗಾಗಿ ಹದಿನೈದನೆಯ ದಿನ ಬೆಳಗ್ಗೆ ಆರು ಆಳೆತ್ತರದ ಕನ್ನಡಿಗಳನ್ನು ಚೌಕಟ್ಟಿಗೆ ಒರಗಿಸಿ, ಪೇಪರು ತುರುಕಿ, ಹಗ್ಗ ಬಿಗಿಯುವಾಗ, ಅವೇ ಹೊಸ ಎಂಜಿನ್ನು ಹೊರುವ ಮೊದಲ ಗಾಜು. ಕನ್ನಡಿ ಕೂರಿಸುವುದು ಗಾಜಿನಮ್ಮನ ಕೆಲಸವಾದ್ದರಿಂದ ಅವಳೂ ಡ್ರಿಲ್ಲು, ಸ್ಕ್ರೂ, ಚಹಾದ ಫ್ಲಾಸ್ಕು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ನಿಧಾನಪ್ಪ ಇಳಿದು ಹಗ್ಗ ನೋಡಿದ. ಹತ್ತಿದ. ಮತ್ತೆ ಇಳಿದು ಹಗ್ಗ ನೋಡಿದ.

"ಹಗ್ಗಕ್ಕೇ ನಾಚಿಕೆ ಆಗ್ತಿದೆ ರೀ. ಹೊರಡಿ."

ಹೊರಟರು. ಬೆನ್ನ ಹಿಂದಿನ ಕಿಂಡಿಯಿಂದ ಆರು ಕನ್ನಡಿಗಳ ಗೋಳು ಕೇಳಿತು. ಬೀದಿಯವರು ಬಾಗಿಲಿಗೆ ಬಂದರು. ನಿಧಾನಪ್ಪನ ಕಾಲು ಹಳೇ ಚಾಳಿಯಂತೆ ಸಡಿಲವಾಗತೊಡಗಿತು.

"ರೀ, ಒತ್ತಿ."

"ಒತ್ತೀನಿ."

"ಯಾವಾಗ?"

"ಒತ್ತೀನಿ ಕಣೇ, ದಾರಿ ಖಾಲಿಯಾಗ್ಲಿ."

ದಾರಿ ಖಾಲಿಯೇ ಇತ್ತು. ಮೂವತ್ತು. ಗೋಳು ಏರಿತು. ಮೂವತ್ತೈದು. ಕಿರುಚಾಟ. ಮೌನಕ್ಕೆ ತುಸು ಹಿಂದಿನ ಜಾಗವೇ ಅತ್ಯಂತ ಭಯಂಕರ ಎಂದು ಗ್ಯಾರೇಜಿನಲ್ಲಿ ತಾನೇ ನಾಲ್ಕು ಸಲ ಕೇಳಿದ್ದ. ಹತ್ತೊಂಬತ್ತು ವರ್ಷ ಅವನು ಆ ಜಾಗದಿಂದ ಹಿಂದೆ ಸರಿದೇ ಬದುಕಿದವನು. ಈಗ ಹಲ್ಲು ಕಚ್ಚಿ, ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಒತ್ತಿದ. ನಲವತ್ತು. ನಲವತ್ತೈದು. ಹಿಂದೆ ಆರೂ ಕನ್ನಡಿಗಳು ಸುಮ್ಮನಾದವು.

ಸುಮ್ಮನಾದದ್ದೇ ಅವನಿಗೆ ಗಾಬರಿ. "ಇದ್ದಾವಾ?"

ಗಾಜಿನಮ್ಮ ಕಿಂಡಿಯಿಂದ ಹಣಕಿದಳು. "ಎಲ್ಲಿಗೆ ಹೋಗ್ತಾವೆ? ಆರೂ ಇದ್ದಾವೆ."

ಹೊಲಗಳ ಪಕ್ಕದ ನೇರ ರಸ್ತೆ ಮುಗಿದು ಮನೆಗಳ ಸಾಲು ಶುರುವಾಗುವಲ್ಲಿ, ಓಣಿಯೊಳಗಿಂದ ಹಾಸಿಗೆ ಮಾರುವವನ ತಳ್ಳುಗಾಡಿ, ಹಾಸಿಗೆಗಳ ಗುಡ್ಡ ಹೊತ್ತು, ಸೀದಾ ರಸ್ತೆಗೆ ಉರುಳಿಕೊಂಡು ಬಂತು. ಗುಡ್ಡದ ಹಿಂದಿದ್ದವನಿಗೆ ಮುಂದಿನದು ಕಾಣುತ್ತಿರಲಿಲ್ಲ. ಗಾಜಿನಮ್ಮ ಫ್ಲಾಸ್ಕನ್ನು ಎದೆಗೊತ್ತಿ ಹಿಡಿದು ಕಣ್ಣುಮುಚ್ಚಿದಳು.

ನಿಧಾನಪ್ಪನ ಕಾಲುಗಳು ಕಣ್ಣಿಗಿಂತ ಮೊದಲೇ ಕೆಲಸಕ್ಕೆ ಇಳಿದಿದ್ದವು. ಎಡಗಾಲು ಕ್ಲಚ್ಚನ್ನು ತಳಕ್ಕೆ ಒತ್ತಿತು. ಬಲಗಾಲು ಬ್ರೇಕನ್ನು ಒಮ್ಮೆಲೇ ತುಳಿಯದೆ, ಸ್ವಲ್ಪ ಒತ್ತಿ, ಸ್ವಲ್ಪ ಬಿಟ್ಟು, ಮತ್ತೆ ಒತ್ತಿ, ನಿದ್ದೆ ಹೋದ ಕೂಸನ್ನು ಹೆಗಲಿನಿಂದ ಹಾಸಿಗೆಗೆ ಇಳಿಸುವ ಹದದಲ್ಲಿ ಗಾಡಿಯ ವೇಗ ಇಳಿಸುತ್ತ ಬಂತು. ಎಂಜಿನ್ನು ತನ್ನ ಪಾಡಿಗೆ ಗುರುಗುಟ್ಟಿತು. ಕನ್ನಡಿಗಳು ಒಮ್ಮೆ ನರಳಿ, ಕಂಬಳಿಗೆ ಒರಗಿ, ಹಗ್ಗಕ್ಕೆ ಭಾರ ಬಿಟ್ಟು, ಮೆಲ್ಲಗೆ ಸ್ವಸ್ಥಾನಕ್ಕೆ ಮರಳಿದವು. ಪಿಕಪ್ಪು ತಳ್ಳುಗಾಡಿಗೆ ಎರಡು ಗೇಣು ದೂರದಲ್ಲಿ ನಿಂತಿತು. ಟಿಕ್ ಎಂಬುದಿಲ್ಲ, ಏನಿಲ್ಲ.

ಹಾಸಿಗೆಯವನು ಗುಡ್ಡದ ಪಕ್ಕದಿಂದ ಮುಖ ಚಾಚಿ ರೇಗಿದ. "ಏನಣ್ಣಾ, ಯಾಕಿಷ್ಟು ಅವಸರ? ನೋಡ್ಕೊಂಡು ನಿಧಾನಕ್ಕೆ ಬರೋಕಾಗಲ್ವಾ?"

ಈ ಜನ್ಮದಲ್ಲಿ ಇಂಥ ಮಾತಿಗೆ ಸಿದ್ಧತೆ ಮಾಡಿಕೊಳ್ಳುವ ಪ್ರಸಂಗವೇ ನಿಧಾನಪ್ಪನಿಗೆ ಬಂದಿರಲಿಲ್ಲ. "ತಪ್ಪಾಯ್ತಪ್ಪ" ಎಂದ, ಹೊಗಳಿಸಿಕೊಂಡವನಂತೆ ನಾಚಿ.

ತಳ್ಳುಗಾಡಿ ದಾಟಿಹೋಯಿತು. ನಿಧಾನಪ್ಪ ಗಾಡಿ ಬಿಡದೆ ಎರಡೂ ಪಾದಗಳನ್ನು ನೋಡುತ್ತ ಕೂತಿದ್ದ.

"ಏನು?" ಎಂದಳು ಹೆಂಡತಿ.

"ಕ್ಲಚ್ ಒತ್ತಿದ್ದೆ."

"ಒತ್ತಿದ್ರೆ?"

"ಕ್ಲಚ್ ಒತ್ತಿದ್ರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇಲ್ಲ ಕಣೇ. ಅಷ್ಟು ಹೊತ್ತು ಎಂಜಿನ್ ಇರಲೇ ಇಲ್ಲ. ಹಳೇದೂ ಇಲ್ಲ, ಹೊಸದೂ ಇಲ್ಲ." ಪಾದಗಳಿಂದ ಕಣ್ಣೆತ್ತಿ ಅವಳನ್ನು ನೋಡಿದ. "ನಾನೊಬ್ಬನೇ ಇದ್ದೆ."

ಗಾಜಿನಮ್ಮ ಫ್ಲಾಸ್ಕನ್ನು ಮಡಿಲಿಗೆ ಇಳಿಸಿದಳು. "ನಾನೂ ಇದ್ದೆ. ಜೀವ ಬಾಯಿಗೆ ಬಂದಿತ್ತು. ಹೊರಡಿ."

ನೃತ್ಯಶಾಲೆಗೆ ಮುಟ್ಟಿದಾಗ ಗೇಟಿಗೆ ಬೀಗ. ಫೋನು ಮಾಡಿದರೆ ಟೀಚರಮ್ಮ ಬೆಚ್ಚಿಬಿದ್ದರು. "ಬಂದೇಬಿಟ್ರಾ? ನೀವು ಬರೋದು ಮಧ್ಯಾಹ್ನ ಆಗುತ್ತೆ ಅಂತ ಎಲ್ರೂ ಹೇಳಿದ್ರು! ನಾನಿನ್ನೂ ಸ್ನಾನನೂ ಮಾಡಿಲ್ಲ. ಒಂದು ಗಂಟೆ ಕೊಡಿ."

ನಿಧಾನಪ್ಪ ಹಿಂದಕ್ಕೆ ಹೋಗಿ ಕನ್ನಡಿಗಳನ್ನು ಒಂದೊಂದಾಗಿ ನೋಡಿದ. ಮೂಲೆಗಳನ್ನು ಬೆರಳಲ್ಲಿ ಸವರಿದ. ಆರಕ್ಕೆ ಆರೂ ಸರಿಯಾಗಿದ್ದವು. ಬಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಹೆಂಡತಿಯ ಜೊತೆ ಕೂತ. ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಕುಡಿದ. ರಸ್ತೆಯ ಆ ತುದಿ ನೋಡಿದ, ಈ ತುದಿ ನೋಡಿದ. ಕಾಲು ಅಲ್ಲಾಡಿಸಿದ.

"ಅಲ್ಲ ಕಣೇ, ಬೇಗ ಬಂದೋರು ಹೀಗೆ ಕಾಯುವಾಗ ಏನ್ ಮಾಡ್ತಾರೆ?"

"ತಡವಾಗಿ ಬರೋರನ್ನ ಬೈತಾರೆ."

ನಿಧಾನಪ್ಪ ಸ್ವಲ್ಪ ಹೊತ್ತು ಇದನ್ನು ಮನಸ್ಸಿನಲ್ಲೇ ಹದ ಮಾಡಿಕೊಂಡ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಬೀಗ ಹಾಕಿದ ಗೇಟನ್ನು ನೋಡುತ್ತ, "ಛೇ, ಎಷ್ಟು ನಿಧಾನ ಈ ಜನ!" ಎಂದ. ಹೇಳಿ ಮುಗಿಸಿದವನಿಗೆ ಅದರ ರುಚಿ ಹತ್ತಿತು, ಇನ್ನೊಮ್ಮೆ ಹೇಳಿದ.